ಅಪ್ಪ ಅಮ್ಮ ಜೂನ್‌ನಲ್ಲಿ ಸ್ವೀಡನ್‌ಗೆ ಬರುತ್ತಿದ್ದಾರೆ: ಹೊರಗೆ ಊಟ ಎಲ್ಲಿ, ಯಾವಾಗ, ಹೇಗೆ?

ಮಲ್ನಾಡ್_ಮಳೆ
ಎಲ್ಲರಿಗೂ ನಮಸ್ಕಾರ. ನಾನು ಲಿನ್‌ಷೋಪಿಂಗ್‌ನಲ್ಲಿದ್ದೇನೆ. ಅಪ್ಪ ಅಮ್ಮ ಶಿವಮೊಗ್ಗದಿಂದ ಜೂನ್ ಮಧ್ಯದಲ್ಲಿ ಬರುತ್ತಿದ್ದಾರೆ. ಸ್ಟಾಕ್‌ಹೋಮ್, ಯೋತೆಬೋರಿ (ಗೋಥೆನ್‌ಬರ್ಗ್) ತೋರಿಸಬೇಕು ಅಂತಿದೆ. ತಲೆನೋವು ಊಟದ್ದು. ಅಮ್ಮ ಶುದ್ಧ ಸಸ್ಯಾಹಾರಿ. ಕೇಕ್‌ನಲ್ಲಿ ಮೊಟ್ಟೆ ಇದ್ದರೆ ಪರವಾಗಿಲ್ಲ, ಅಷ್ಟೇ. ಅಪ್ಪ ಕೋಳಿ, ಕುರಿ, ಮೀನು ತಿನ್ನುತ್ತಾರೆ. ದನ, ಹಂದಿ ಬೇಡ. ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಟ್ಟಿಕೊಂಡು ಹೋಗೋಣ ಅಂದರೆ ಅಪ್ಪ ಒಪ್ಪಲ್ಲ. "ಅಷ್ಟು ದೂರ ಬಂದು ಚಿತ್ರಾನ್ನ ತಿನ್ನಬೇಕಾ? ಅಲ್ಲಿಯವರು ಏನು ತಿಂತಾರೋ ಅದನ್ನ ನೋಡೋಣ" ಅಂತಾರೆ. ಹೋಟೆಲ್ ದರ ನೋಡಿದರೆ ನನಗೆ ಎದೆ ಝಲ್ ಅನ್ನುತ್ತೆ. ನೀವೆಲ್ಲ ಹೇಗೆ ನಿಭಾಯಿಸಿದ್ದೀರಿ?

ಕಿಸ್ತಾ_ಕಾಫಿ
ಒಂದೇ ಮಾತು ಹೇಳಬೇಕು ಅಂದರೆ: ದೊಡ್ಡ ಊಟ ಮಧ್ಯಾಹ್ನ ಮುಗಿಸಿ. ಈ ದೇಶದಲ್ಲಿ ಊಟ ನಡೆಯೋದು ಗಡಿಯಾರ ಮತ್ತು ಕ್ಯಾಲೆಂಡರ್ ಮೇಲೆ. ಇದು ಗೊತ್ತಿಲ್ಲದೆ ಹೋದರೆ ಜೇಬೂ ಖಾಲಿ, ಹೊಟ್ಟೆಯೂ ಖಾಲಿ.

ವಾರದ ಐದು ದಿನ, ಸೋಮವಾರದಿಂದ ಶುಕ್ರವಾರ, ಬಹುತೇಕ ರೆಸ್ಟೋರೆಂಟ್‌ಗಳಲ್ಲಿ "ದಾಗೆನ್ಸ್ ರೆಟ್" ಇರುತ್ತೆ. ಆ ದಿನಕ್ಕೆಂದೇ ಮಾಡಿದ ಎರಡು ಮೂರು ಬಗೆ, ಅದರಲ್ಲಿ ಒಂದು ಸಾಮಾನ್ಯವಾಗಿ ಸಸ್ಯಾಹಾರ. 11ಕ್ಕೆ ಶುರು, ಒಂದೂವರೆ ಎರಡಕ್ಕೆ ಮುಗಿಯಿತು. ಆಫೀಸಿನವರು ಹನ್ನೊಂದೂವರೆಗೇ ಸಾಲು ನಿಂತಿರುತ್ತಾರೆ. ಸ್ಟಾಕ್‌ಹೋಮ್‌ನಲ್ಲಿ ಸುಮಾರು 130ರಿಂದ 170 ಕ್ರೋನಾ, ಲಿನ್‌ಷೋಪಿಂಗ್‌ನಂಥ ಊರಲ್ಲಿ ಸ್ವಲ್ಪ ಕಡಿಮೆ. ಈ ದುಡ್ಡಿಗೆ ಬರೀ ಒಂದು ತಟ್ಟೆ ಸಿಗೋದಲ್ಲ. ಸಲಾಡ್, ಬ್ರೆಡ್, ಬೆಣ್ಣೆ, ನೀರು, ಕೊನೆಗೆ ಕಾಫಿ ಎಲ್ಲ ಅದರಲ್ಲೇ ಬರೋದು ವಾಡಿಕೆ. ಸಲಾಡ್, ಬ್ರೆಡ್ ನೀವೇ ಎಷ್ಟು ಸಲ ಬೇಕಾದರೂ ಹಾಕಿಕೊಳ್ಳಬಹುದು.

ಅದೇ ಅಡುಗೆಮನೆ, ಅದೇ ಬಾಣಸಿಗ. ಸಂಜೆ ಹೋಗಿ, ಒಂದು ಮುಖ್ಯ ತಟ್ಟೆಗೇ 200ರಿಂದ 350 ಕೊಡಬೇಕು. ಕಾಫಿ, ಬ್ರೆಡ್ ಬೇರೆ ಲೆಕ್ಕ. ಹಾಗಾಗಿ ಮ್ಯೂಸಿಯಂ ಬೆಳಿಗ್ಗೆ, ಊಟ ಹನ್ನೊಂದೂವರೆಗೆ, ರಾತ್ರಿ ರೂಮಿನಲ್ಲಿ ಬ್ರೆಡ್ಡು, ಮೊಸರು, ಹಣ್ಣು. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಆದರೆ ಅಡುಗೆಮನೆಗಳು ಬೆಳಕು ನೋಡಿಕೊಂಡು ಕೂರಲ್ಲ. ಒಂಬತ್ತಕ್ಕೆಲ್ಲ ಮುಚ್ಚುವ ಜಾಗಗಳು ಬೇಕಾದಷ್ಟಿವೆ.

ಇನ್ನೊಂದು. ಮಧ್ಯಾಹ್ನದ ಜಾಗಗಳಲ್ಲಿ ಮೇಜಿಗೆ ಯಾರೂ ಬರಲ್ಲ. ಕೌಂಟರ್‌ನಲ್ಲಿ ದುಡ್ಡು ಕೊಟ್ಟು, ಟ್ರೇ ಹಿಡಿದು, ಚಮಚ, ಲೋಟ, ನೀರು ಎಲ್ಲ ನೀವೇ ತಗೋಬೇಕು. ತಿಂದಾದ ಮೇಲೆ ಟ್ರೇ ನೀವೇ ಇಟ್ಟು ಬರಬೇಕು. ಅಪ್ಪನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಸಪ್ಲೈಯರ್‌ಗೆ ಕಾಯುತ್ತಾ ಕೂತಿರುತ್ತಾರೆ.

ಬೆಣ್ಣೆದೋಸೆ_ದಾವಣಗೆರೆ
ಸುಮ್ನೆ ದುಡ್ಡು ದಂಡ ಮಾಡಬೇಡಿ ಗುರೂ. ಆಲೂಗಡ್ಡೆ, ಕೆನೆ ಸಾಸು, ಜಾಮು. ಊಟಕ್ಕೆ ಜಾಮು ಹಾಕಿಕೊಳ್ಳುವ ಜನ! ಖಾರ ಇಲ್ಲ, ಹುಳಿ ಇಲ್ಲ, ಒಗ್ಗರಣೆ ಇಲ್ಲ. ನಮ್ಮ ಅತ್ತೆ ಮಾವ ಬಂದಾಗ ಮೂರನೇ ದಿನಕ್ಕೇ "ಒಂದು ಮುದ್ದೆ ಸಾರು ಮಾಡಮ್ಮ" ಅಂತ ಕೂತುಬಿಟ್ಟರು. ಪುಳಿಯೋಗರೆ ಪುಡಿ ಜೊತೆಗೆ ಇಟ್ಟುಕೊಳ್ಳಿ, ಬಾಡಿಗೆ ಮನೆ ಹಿಡಿಯಿರಿ, ಕುಕ್ಕರ್ ಇಡಿ. ಮುಗೀತು.

ಹಾಗಾ_ಗೆಳೆಯ
ದೋಸೆ ಸರ್, ಕುಕ್ಕರ್ ಮಾತು ಸರಿ, ಆದರೆ ಅವರ ಅಪ್ಪ ಕೇಳಿದ್ದು ಅದಲ್ಲ ಅಲ್ವಾ? ಇಲ್ಲಿ ಹುಳಿ ಇಲ್ಲ ಅನ್ನೋದನ್ನೂ ಒಪ್ಪಲ್ಲ. ಆ "ಜಾಮು" ಲಿಂಗೊನ್ ಹಣ್ಣಿಂದು, ಒಳ್ಳೆ ಹುಳಿ. ಕೊಬ್ಬು ಜಾಸ್ತಿ ಇರುವ ಊಟಕ್ಕೆ ಅದು ಬೇಕೇ ಬೇಕು. ಜೊತೆಗೆ ವಿನೆಗರ್‌ನಲ್ಲಿ ಹಾಕಿದ ಸೌತೆಕಾಯಿ ಕೊಡುತ್ತಾರೆ. ಚಳಿಗಾಲ ಉದ್ದ ಇರುವ ದೇಶ. ಉಪ್ಪು ಹಾಕಿ, ಹೊಗೆ ಹಿಡಿಸಿ, ಹುಳಿ ಬರಿಸಿ, ಒಣಗಿಸಿ ಇಟ್ಟುಕೊಳ್ಳದೆ ಬದುಕು ನಡೀತಿರಲಿಲ್ಲ. ರುಚಿ ಬಂದಿದ್ದೇ ಅದರಿಂದ.

ಮಳೆಯವರೇ, ಅಪ್ಪನ ವಿಷಯಕ್ಕೆ ಬರುತ್ತೇನೆ. ಎಲ್ಲರಿಗೂ ಗೊತ್ತಿರುವ ಶೊಟ್‌ಬುಲ್ಲಾರ್, ಅಂದರೆ ಆ ಮಾಂಸದ ಉಂಡೆ, ಬಹುತೇಕ ಕಡೆ ದನ ಮತ್ತು ಹಂದಿ ಬೆರೆಸಿದ್ದು. ಐಕಿಯದಲ್ಲೂ ಅಷ್ಟೇ. ಅಲ್ಲಿ ತರಕಾರಿ ಉಂಡೆ ಬೇರೆ ಸಿಗುತ್ತೆ, ಅಗ್ಗ ಕೂಡ. ಮೆನುವಿನಲ್ಲಿ ಏಲಿ ಅಂತ ಇದ್ದರೆ ಕಡವೆ ಜಾತಿಯ ದೊಡ್ಡ ಪ್ರಾಣಿ, ರೇನ್ ಅಂತ ಇದ್ದರೆ ಹಿಮಸಾರಂಗ. ಅಪ್ಪ ಕೋಳಿ ಹುಡುಕುವ ಬದಲು ಮೀನಿಗೆ ಹೋಗಲಿ. ಸ್ವೀಡನ್ನಿನ ಒಳ್ಳೆ ಅಡುಗೆ ಇರೋದೇ ಅದರಲ್ಲಿ.

ಸ್ಟಾಕ್‌ಹೋಮ್‌ನಲ್ಲಿ ಸ್ಲುಸ್ಸೆನ್ ಹತ್ತಿರ ಒಂದು ಗಾಡಿ ಇದೆ, ಬರೀ ಸ್ಟ್ರೋಮಿಂಗ್ ಮೀನು ಕರಿದು ಕೊಡುತ್ತಾರೆ. ಬಾಲ್ಟಿಕ್ ಸಮುದ್ರದ ಸಣ್ಣ ಹೆರಿಂಗ್. ರೈ ಹಿಟ್ಟಲ್ಲಿ ಹೊರಳಿಸಿ ಕರಿಯುತ್ತಾರೆ. ಮಂಗಳೂರಿನವನಾಗಿ ಹೇಳುತ್ತೇನೆ, ಖಾರ ಒಂದು ಬಿಟ್ಟರೆ ಬೂತಾಯಿ ಫ್ರೈ ತಿಂದ ಹಾಗೇ. ಒಣ ರೊಟ್ಟಿ ಕ್ನೆಕೆಬ್ರೋಡ್ ಮೇಲೆ ಇಟ್ಟು ಈರುಳ್ಳಿ ಹಾಕಿ ಕೊಡುತ್ತಾರೆ, ಅಥವಾ ಆಲೂಗಡ್ಡೆ ಪಲ್ಯದ ಜೊತೆ. ಪಲ್ಯ ಅಂದರೆ ಬರೀ ಬೆಣ್ಣೆ ಹಾಲು ಹಾಕಿ ಹಿಸುಕಿದ್ದು, ದೋಸೆ ಸರ್ ಬೇಜಾರಾಗಬೇಡಿ.

ಯೋತೆಬೋರಿಗೆ ಬಂದರೆ ಫೆಸ್ಕೆಶುರ್ಕಾ ನೋಡಿ. 1874ರ ಮೀನು ಮಾರುಕಟ್ಟೆ. ಹೊರಗಿನಿಂದ ಚರ್ಚ್ ಥರಾನೇ ಕಾಣುತ್ತೆ. ವರ್ಷಗಟ್ಟಲೆ ರಿಪೇರಿ ನಡೆದು 2024ರಲ್ಲಿ ಮತ್ತೆ ತೆರೆಯಿತು. ಇಲ್ಲಿ ಸಿಗಡಿ ಬ್ರೆಡ್, ರೆಕ್‌ಮಾಕಾ, ತಿನ್ನಬೇಕು. ಒಂದು ತುಂಡು ಬ್ರೆಡ್ ಮೇಲೆ ಮೊಟ್ಟೆ, ಮಯೊನೇಸ್, ಸಬ್ಬಸಿಗೆ ಸೊಪ್ಪು, ಅದರ ಮೇಲೆ ಸಿಗಡಿಯ ಗುಡ್ಡ. ಅಗ್ಗ ಅಲ್ಲ. ಒಂದು ತಗೊಂಡು ಇಬ್ಬರು ಹಂಚಿಕೊಳ್ಳಿ.

ಸೊಪ್ಪುಸಾರು_ಉಪ್ಸಾಲಾ
ಅಮ್ಮನ ಊಟದ ಬಗ್ಗೆ ನಾನು ಬರೆಯುತ್ತೇನೆ. ನಾನೂ ಸಸ್ಯಾಹಾರಿ, ಇಲ್ಲಿ ಬಂದ ಮೇಲೆ ಒಂದು ದಿನವೂ ಉಪವಾಸ ಬಿದ್ದಿಲ್ಲ. ಸಸ್ಯಾಹಾರಿ, ವೇಗನ್ ಅಂದರೆ ಹಳ್ಳಿಯ ಹೋಟೆಲಿನವರಿಗೂ ಅರ್ಥ ಆಗುತ್ತೆ. ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಕೇಳಲು ಹಿಂಜರಿಯಬೇಡಿ. ಅಲರ್ಜಿ ಏನಾದರೂ ಇದೆಯಾ ಅಂತ ಅವರೇ ಕೇಳುತ್ತಾರೆ. ಐರೋಪ್ಯ ಒಕ್ಕೂಟದ ಕಾನೂನಿನ ಪ್ರಕಾರ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಹಾಗಾಗಿ "ಇದರಲ್ಲಿ ಏನೇನಿದೆ" ಅಂದರೆ ಯಾರೂ ಮುಖ ಸಿಂಡರಿಸಲ್ಲ.

ಆದರೂ ಕೆಲವು ಕಳ್ಳ ಜಾಗಗಳಿವೆ.

ಯಾನ್ಸನ್ಸ್ ಫ್ರೆಸ್ಟೆಲ್ಸೆ. ನೋಡಲು ಆಲೂಗಡ್ಡೆ, ಈರುಳ್ಳಿ, ಕೆನೆ ಹಾಕಿ ಓವನ್‌ನಲ್ಲಿ ಬೇಯಿಸಿದ್ದು. ಒಳಗೆ ಉಪ್ಪು ಹಾಕಿಟ್ಟ ಸಣ್ಣ ಮೀನು ಕರಗಿಹೋಗಿರುತ್ತೆ. ಒಂದು ಕಡೆ ಕ್ರಿಸ್‌ಮಸ್ ಊಟದಲ್ಲಿ ಅದನ್ನು "ಆಲೂಗಡ್ಡೆ ಗ್ರಾಟಿನ್" ಅಂತ ಬರೆದಿಟ್ಟಿದ್ದರು. ನನ್ನ ಗಂಡ ಮೊದಲು ರುಚಿ ನೋಡಿದ್ದಕ್ಕೆ ನಾನು ಬಚಾವ್.

ಹಳದಿ ಬಟಾಣಿ ಸೂಪು, ಎರ್ಟ್‌ಸೊಪ್ಪಾ. ಹೆಸರಲ್ಲಿ ಬಟಾಣಿ, ಒಳಗೆ ಹಂದಿ. ಸಸ್ಯಾಹಾರದ್ದು ಬೇರೆ ಮಾಡುವ ಜಾಗಗಳೂ ಇವೆ, ಕೇಳಿಯೇ ತಗೊಳ್ಳಿ. ಬೇರೆ ಸೂಪುಗಳಿಗೂ ಕೋಳಿ ನೀರೋ ಮೂಳೆ ನೀರೋ ಹಾಕಿರಬಹುದು.

ರಾಗ್‌ಮುಂಕ್, ತುರಿದ ಆಲೂಗಡ್ಡೆ ಹಾಕಿದ ದೋಸೆ. ಇದು ಅಮ್ಮನಿಗೆ ಇಷ್ಟವಾಗೇ ಆಗುತ್ತೆ. ಹಂದಿ ಪಟ್ಟಿ ಇಟ್ಟು ಕೊಡುವುದು ರೂಢಿ, ಅದು ಬೇಡ, ಲಿಂಗೊನ್ ಮಾತ್ರ ಸಾಕು ಅನ್ನಿ. ಹಂದಿ ಕೊಬ್ಬಲ್ಲಿ ಕರಿದಿದ್ದಾರಾ ಅಂತಲೂ ಕೇಳಿ.

ಗಟ್ಟಿ ಚೀಸ್‌ಗಳಲ್ಲಿ ಹಲವಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಕೆಲವರಿಗೆ ನಡೆಯುತ್ತೆ, ಕೆಲವರಿಗೆ ಇಲ್ಲ. ಅಮ್ಮನಿಗೆ ಹೇಳಿ, ಅವರೇ ತೀರ್ಮಾನ ಮಾಡಲಿ. ಅಂಗಡಿಯ ಬಿಡಿ ಮಿಠಾಯಿಯಲ್ಲಿ ಹಲವಕ್ಕೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಜೆಲಾಟಿನ್ ಹಾಕಿರುತ್ತಾರೆ. ಡಬ್ಬದ ಮೇಲೆ ಪದಾರ್ಥ ಬರೆದಿರುತ್ತಾರೆ, ನೋಡಿ ತಗೊಳ್ಳಿ.

ಇನ್ನು ಧೈರ್ಯವಾಗಿ ಹೋಗಬಹುದಾದ ಜಾಗ. ಸ್ಟಾಕ್‌ಹೋಮ್‌ನ ಫ್ಯೆಲ್‌ಗಾಟನ್ ಬೀದಿಯಲ್ಲಿ ಹೆರ್ಮಾನ್ಸ್ ಅಂತ ಪೂರ್ತಿ ಸಸ್ಯಾಹಾರದ ಬಫೆ. ಗುಡ್ಡದ ಮೇಲಿದೆ, ಕೆಳಗೆ ನೀರು, ಹಳೆ ಊರು, ದೋಣಿಗಳು. ಜೂನ್‌ನಲ್ಲಿ ಹೊರಗೇ ಕೂರಬಹುದು. ಊರೂರಲ್ಲೂ ಫಲಾಫೆಲ್ ಸಿಗುತ್ತೆ, ಮಾಲ್ಮೋದಲ್ಲಂತೂ ಅದೇ ಊರಿನ ಊಟ ಅನ್ನುವಷ್ಟು. ಹೈವೇಯಲ್ಲಿ ಹೋಗುವಾಗ ಮ್ಯಾಕ್ಸ್ ಬರ್ಗರ್. 1968ರಲ್ಲಿ ಉತ್ತರದ ಯೆಲ್ಲಿವಾರೆಯಲ್ಲಿ ಶುರುವಾದ ಇಲ್ಲಿಯದೇ ಕಂಪನಿ, ಸಸ್ಯಾಹಾರದ ಬರ್ಗರ್ ಬಗೆಬಗೆ ಇವೆ.

ಬೆಣ್ಣೆದೋಸೆ_ದಾವಣಗೆರೆ
ಪಿಜ್ಜಾ ಬಿಟ್ಟಿರಲ್ಲ ಮೇಡಂ. ಇಲ್ಲಿ ಪಿಜ್ಜಾ ಮೇಲೆ ಬಾಳೆಹಣ್ಣು, ಕರಿ ಪುಡಿ, ಕಡಲೆಕಾಯಿ ಹಾಕುತ್ತಾರೆ. ತಮಾಷೆ ಅಲ್ಲ, ಮೆನುವಿನಲ್ಲೇ ಇರುತ್ತೆ. ನಮ್ಮನ್ನ ನೋಡಿ ನಗೋ ಹಾಗಿಲ್ಲ ಇವರು.

ಸೊಪ್ಪುಸಾರು_ಉಪ್ಸಾಲಾ
ಹಹ್ಹ, ನಿಜ. ಜೊತೆಗೆ ಬರುವ ಕೋಸಿನ ಸಲಾಡ್ ಮಾತ್ರ ಚೆನ್ನಾಗಿರುತ್ತೆ. ವಿನೆಗರ್, ಎಣ್ಣೆ, ಕಾಳುಮೆಣಸು. ದುಡ್ಡೂ ಇಲ್ಲ ಅದಕ್ಕೆ.

ಮಲ್ನಾಡ್_ಮಳೆ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ನಿರೀಕ್ಷೆ ಇರಲಿಲ್ಲ. ಒಂದು ಅನುಮಾನ. ಅವರು ಸ್ಟಾಕ್‌ಹೋಮ್‌ನಲ್ಲಿ ಇರೋದು ಮಿಡ್‌ಸೊಮ್ಮಾರ್ ಹೊತ್ತಿಗೆ. ಹಬ್ಬ ಅಲ್ವಾ, ಊರು ತುಂಬಾ ಗಲಗಲ ಅಂತಿರುತ್ತೆ, ಹೋಟೆಲುಗಳಲ್ಲಿ ಹಬ್ಬದೂಟ ಸಿಗುತ್ತೆ ಅಂದುಕೊಂಡಿದ್ದೇನೆ. ಸರಿನಾ?

ಕಿಸ್ತಾ_ಕಾಫಿ
ಅಯ್ಯೋ, ಉಲ್ಟಾ! ಮಿಡ್‌ಸೊಮ್ಮಾರ್ ಹಿಂದಿನ ದಿನವೇ ದೊಡ್ಡ ಹಬ್ಬ. ಅದು ಯಾವಾಗಲೂ ಶುಕ್ರವಾರ, ಜೂನ್ 19ರಿಂದ 25ರ ಒಳಗೆ. ಆ ದಿನ ಸ್ಟಾಕ್‌ಹೋಮ್‌ನವರೆಲ್ಲ ಹಳ್ಳಿ ಮನೆ, ದ್ವೀಪದ ಮನೆ ಅಂತ ಹೊರಟುಹೋಗುತ್ತಾರೆ. ಊರು ಭಣ ಭಣ. ಎಷ್ಟೋ ರೆಸ್ಟೋರೆಂಟ್ ಬಾಗಿಲಿಗೆ ಬೀಗ. ಅಂಗಡಿಗಳೂ ಬೇಗ ಮುಚ್ಚುತ್ತವೆ. ಹಿಂದಿನ ದಿನ ಗುರುವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಮಾಡಬಹುದಾದ್ದು ಒಂದಿದೆ. ಸ್ಕಾನ್ಸೆನ್‌ಗೆ ಕರೆದುಕೊಂಡು ಹೋಗಿ. 1891ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ, ಸ್ಟಾಕ್‌ಹೋಮ್‌ನಲ್ಲೇ ಇದೆ. ಅಲ್ಲಿ ಹೂವು ಎಲೆ ಸುತ್ತಿದ ಕಂಬ ನಿಲ್ಲಿಸಿ ಸುತ್ತ ಕುಣಿಯುತ್ತಾರೆ. ಅಮ್ಮನೂ ಕುಣಿಯಬಹುದು, ಯಾರೂ ಏನೂ ಅನ್ನಲ್ಲ. ಹಬ್ಬದೂಟ ಮನೆಯಲ್ಲೇ ಮಾಡಿ, ಅದೇನು ಕಷ್ಟ ಅಲ್ಲ. ಹೊಸ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ. ಹುಳಿ ಕೆನೆ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ ಎಲೆ, ಒಣ ರೊಟ್ಟಿ, ಚೀಸ್. ಅಪ್ಪನಿಗೆ ಉಪ್ಪಿನಕಾಯಿ ಹಾಕಿದ ಹೆರಿಂಗ್ ಒಂದು ಬಾಟಲಿ. ಸಾಸಿವೆ ಹಾಕಿದ್ದು ತಗೊಳ್ಳಿ, ಸಿಹಿ ಕಡಿಮೆ. ಕೊನೆಗೆ ಸ್ಟ್ರಾಬೆರಿ ಮತ್ತು ಕೆನೆ ಹಾಕಿದ ಕೇಕ್. ಆ ಹೊತ್ತಿನ ಸ್ವೀಡಿಷ್ ಸ್ಟ್ರಾಬೆರಿಗೆ ಸಾಟಿ ಇಲ್ಲ. ರಸ್ತೆ ಬದಿ ಬುಟ್ಟಿ ಇಟ್ಟು ಮಾರುತ್ತಿರುತ್ತಾರೆ, ಹೊರದೇಶದ್ದಲ್ಲ ತಾನೇ ಅಂತ ಕೇಳಿ ತಗೊಳ್ಳಿ.

ಜುಲೈನಲ್ಲೂ ಇದೇ ಕಥೆ. ಸಣ್ಣ ಒಳ್ಳೆ ಜಾಗಗಳು ವಾರಗಟ್ಟಲೆ ಬೇಸಿಗೆ ರಜೆ ಬೋರ್ಡ್ ಹಾಕಿಬಿಡುತ್ತವೆ. ಜುಲೈಗೆ ಬರುವವರು ಹೋಗುವ ಮೊದಲು ಒಂದು ಫೋನ್ ಮಾಡಿ.

ಚಿಕ್ಕಮಗಳೂರು_ಬೀಜ
ಫೀಕಾ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅಪ್ಪ ಅಮ್ಮನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಸುಲಭದ ಸ್ವೀಡಿಷ್ ಅನುಭವ ಇಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು. ಕಾಫಿ, ಒಂದು ಬನ್ನು, ಹರಟೆ. ಆಫೀಸಲ್ಲಿ ಬಾಸ್ ಕೂಡ ಎದ್ದು ಬಂದು ಕೂರುತ್ತಾರೆ. ಕೂತೇ ಕುಡಿಯಬೇಕು, ಅವಸರ ಮಾಡಬಾರದು, ಇದಿಷ್ಟೇ ನಿಯಮ.

ದಾಲ್ಚಿನ್ನಿ ಬನ್ ಎಲ್ಲರಿಗೂ ಗೊತ್ತು, ಅಕ್ಟೋಬರ್ 4 ಅದರ ದಿನ ಅಂತಲೇ 1999ರಿಂದ ಆಚರಿಸುತ್ತಿದ್ದಾರೆ. ನನ್ನ ಮತ ಮಾತ್ರ ಏಲಕ್ಕಿ ಬನ್ನಿಗೆ. ಕಾರ್ಡೆಮುಮ್ಮಬುಲ್ಲೆ ಅಂತ ಕೇಳಿ. ನುಣ್ಣಗೆ ಪುಡಿ ಮಾಡದೆ ತರಿತರಿಯಾಗಿ ಕುಟ್ಟಿ ಹಾಕಿರುತ್ತಾರೆ, ಹಲ್ಲಿಗೆ ಸಿಗುತ್ತೆ. ನಮ್ಮೂರಲ್ಲಿ ಏಲಕ್ಕಿ ಬೆಳೆಯುತ್ತೇವೆ, ಹೀಗೆ ಧಾರಾಳವಾಗಿ ಹಾಕೋದು ಇಲ್ಲೇ ನೋಡಿದ್ದು. ಸ್ಟಾಕ್‌ಹೋಮ್‌ನ ಕುಂಗ್ಸ್‌ಗಾಟನ್‌ನಲ್ಲಿ ವೇತೆಕಾತ್ತೆನ್ ಅಂತ 1928ರ ಹಳೆ ಕೆಫೆ ಇದೆ. ಕೋಣೆ ಒಳಗೆ ಕೋಣೆ, ಅಜ್ಜಿಯರೆಲ್ಲ ಕೂತಿರುತ್ತಾರೆ. ಹಸಿರು ಮಾರ್ಜಿಪಾನ್ (ಬಾದಾಮಿ ಸಕ್ಕರೆ ಹಿಟ್ಟು) ಹೊದಿಸಿದ ಪ್ರಿನ್ಸೆಸ್ ಕೇಕ್ ಅಲ್ಲೇ ತಿನ್ನಿ. ಯೋತೆಬೋರಿಯ ಹಾಗಾ ಬೀದಿಯಲ್ಲಿ ತಟ್ಟೆ ಅಗಲದ ದಾಲ್ಚಿನ್ನಿ ಬನ್ ಮಾರುತ್ತಾರೆ. ಫೋಟೋಗೆ ಚೆಂದ, ತಿನ್ನಲು ಸಣ್ಣದೇ ಮೇಲು.

ಕಾಫಿ ಬಗ್ಗೆ ಮಾತ್ರ ಎಚ್ಚರಿಕೆ. ಚಿಕೋರಿ ಇಲ್ಲ, ಹಾಲು ಕುದಿಸಿ ಹಾಕಲ್ಲ. ಪೇಪರ್ ಫಿಲ್ಟರ್‌ನಲ್ಲಿ ಇಳಿಸಿದ ತೆಳ್ಳನೆ ಕಾಫಿ, ದೊಡ್ಡ ಲೋಟ. ಬಹಳ ಕಡೆ ಎರಡನೇ ಲೋಟಕ್ಕೆ ದುಡ್ಡಿಲ್ಲ, ಇದ್ದರೂ ಕಡಿಮೆ. ಪೋತೋರ್ ಇದೆಯಾ ಅಂತ ಕೇಳಿ. ಅಮ್ಮನಿಗೆ ಲಾತೆ ಕೊಡಿಸಿ, ಸ್ವಲ್ಪ ಸಮಾಧಾನ. ಇಷ್ಟು ಕಾಫಿ ಕುಡಿಯುವ ಈ ದೇಶದಲ್ಲೇ 1756ರಲ್ಲಿ ಕಾಫಿಗೆ ನಿಷೇಧ ಹಾಕಿದ್ದರು. ಮುಂದೆಯೂ ಹಲವು ಸಲ ಹಾಕಿ ತೆಗೆದರು. ಜನ ಕೇಳಿದರೆ ತಾನೇ!

ಲುಂಡ್_ಲೈಬ್ರರಿ
ಮಿಠಾಯಿ ಬಗ್ಗೆ ಒಂದು ಕಥೆ ಸೇರಿಸುತ್ತೇನೆ. ಇಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ. ಶುಕ್ರವಾರ ಸಂಜೆಯಿಂದಲೇ ಅಂಗಡಿಗಳ ಬಿಡಿ ಮಿಠಾಯಿ ಗೋಡೆ ಮುಂದೆ ಜಾತ್ರೆ. ಇದರ ಹಿಂದೆ ಇರೋದು ನಮ್ಮ ಲುಂಡ್ ಊರಿನದೇ ಒಂದು ಕಹಿ ಸಂಗತಿ. 1940ರ ದಶಕದಲ್ಲಿ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯ ರೋಗಿಗಳಿಗೆ ಬೇಕೆಂದೇ ಅಂಟು ಮಿಠಾಯಿ ತಿನ್ನಿಸಿ ಹಲ್ಲು ಹುಳುಕಾಗುವುದನ್ನು ಪರೀಕ್ಷೆ ಮಾಡಿದರು. ಅವರ ಒಪ್ಪಿಗೆ ಕೇಳುವ ಮಾತೇ ಇರಲಿಲ್ಲ. ಸಕ್ಕರೆಯಿಂದ ಹುಳುಕು ಅಂತ ಸಾಬೀತಾಯಿತು. ದಿನಾ ಸ್ವಲ್ಪ ಸ್ವಲ್ಪ ತಿನ್ನುವುದಕ್ಕಿಂತ ವಾರಕ್ಕೊಮ್ಮೆ ತಿನ್ನಿ ಅಂತ ಸರ್ಕಾರ ಸಲಹೆ ಕೊಟ್ಟಿತು. ಶನಿವಾರದ ರೂಢಿ ಅಲ್ಲಿಂದ ಬಂತು.

ಕಪ್ಪು ಮಿಠಾಯಿ ಕಂಡರೆ ಹುಷಾರು. ಉಪ್ಪು ಹಾಕಿದ ಜ್ಯೇಷ್ಠಮಧು. ನೆಂಟರಿಗೆ ಅಂತ ಊರಿಗೆ ಒಯ್ಯಬೇಡಿ, ಸಂಬಂಧ ಕೆಡುತ್ತೆ.

ತುಮಕೂರು_ತೆಂಗು
ನಾನು ಕೆಲಸದ ಮೇಲೆ ಬಂದುಹೋಗುವವನು. ಟಿಪ್ಸ್ ಎಷ್ಟು ಕೊಡಬೇಕು? ಹೋದ ಸಲ ಕಾರ್ಡ್ ಯಂತ್ರ ನನ್ನನ್ನೇ ಮೊತ್ತ ಒತ್ತು ಅಂತ ಕೇಳಿತು. ಗಾಬರಿಯಾಯಿತು. ಮತ್ತೆ ನಗದು ಎಷ್ಟು ಇಟ್ಟುಕೊಂಡಿರಬೇಕು?

ಕಿಸ್ತಾ_ಕಾಫಿ
ನಗದು ಬೇಡವೇ ಬೇಡ. ಎಷ್ಟೋ ಕಡೆ ನೋಟು ಮುಟ್ಟಲ್ಲ, ಬಾಗಿಲಲ್ಲೇ ಬೋರ್ಡ್ ಇರುತ್ತೆ. ವೀಸಾ, ಮಾಸ್ಟರ್‌ಕಾರ್ಡ್ ಎಲ್ಲ ಕಡೆ ನಡೆಯುತ್ತೆ. ಅಪ್ಪ ಅಮ್ಮ ಬರುವವರಿದ್ದರೆ ಬ್ಯಾಂಕಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಸಿಕೊಂಡೇ ಬರಲಿ. ಸಂತೆಯಲ್ಲಿ, ರಸ್ತೆ ಬದಿ ಸ್ವಿಶ್ ಅಂತ ಕೇಳಿದರೆ ಅದು ಮೊಬೈಲ್‌ನಲ್ಲಿ ದುಡ್ಡು ಕಳಿಸುವ ಆ್ಯಪ್, ಇಲ್ಲಿನ ಬ್ಯಾಂಕ್ ಖಾತೆ ಇರುವವರಿಗೆ ಮಾತ್ರ. ನೀವು ಕಾರ್ಡ್ ಅನ್ನಿ.

ಟಿಪ್ಸ್ ಕಡ್ಡಾಯ ಅಲ್ಲ. ಯಂತ್ರ ಕೇಳಿದರೆ ಬಿಲ್ ಎಷ್ಟಿದೆಯೋ ಅಷ್ಟನ್ನೇ ಒತ್ತಿ, ಯಾರೂ ತಪ್ಪು ತಿಳಿಯಲ್ಲ. ಸಂಜೆ ಕೂತು ಉಂಡು, ಚೆನ್ನಾಗಿ ನೋಡಿಕೊಂಡರು ಅನ್ನಿಸಿದರೆ ಶೇಕಡಾ 5ರಿಂದ 10 ಸೇರಿಸಿ ರೌಂಡ್ ಮಾಡಿ. ಮಧ್ಯಾಹ್ನದ ಕೌಂಟರ್ ಊಟಕ್ಕೆ, ಕಾಫಿಗೆ ಏನೂ ಬೇಡ. ಬಿಲ್ಲಿನಲ್ಲಿ ತೆರಿಗೆ ಸೇರಿಯೇ ಇರುತ್ತೆ, ಊಟಕ್ಕೆ ಶೇಕಡಾ 12, ಮದ್ಯಕ್ಕೆ 25. ಮೆನುವಿನಲ್ಲಿ ಕಂಡ ದರವೇ ಕೊನೆಯ ದರ.

ನೀರಿಗೆ ಬಾಟಲಿ ಕೊಳ್ಳಬೇಡಿ. ನಲ್ಲಿ ನೀರು ಕೇಳಿ, ಚೆನ್ನಾಗಿರುತ್ತೆ, ಸಾಮಾನ್ಯವಾಗಿ ದುಡ್ಡಿಲ್ಲ. ಬಿಲ್ ಚೀಟಿ ತಕ್ಷಣ ಎಸೆಯಬೇಡಿ, ಶೌಚಾಲಯದ ಬಾಗಿಲಿನ ಸಂಖ್ಯೆ ಅದರ ಮೇಲೇ ಅಚ್ಚಾಗಿರುತ್ತೆ ಕೆಲವು ಕಡೆ. ಹಿರಿಯರ ಜೊತೆ ಓಡಾಡುವವರಿಗೆ ಇದು ದೊಡ್ಡ ವಿಷಯ.

ಯಾರಿಗಾದರೂ ಬಿಯರ್, ವೈನ್ ಬೇಕಿದ್ದರೆ: ಶೇಕಡಾ 3.5ಕ್ಕಿಂತ ಜೋರಾದದ್ದು ಸೂಪರ್‌ಮಾರ್ಕೆಟ್‌ನಲ್ಲಿ ಸಿಗಲ್ಲ. ಸರ್ಕಾರದ ಸಿಸ್ಟೆಮ್‌ಬೊಲಾಗೆಟ್ ಅಂಗಡಿಗೇ ಹೋಗಬೇಕು. ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಬಾಗಿಲು ಮುಚ್ಚುತ್ತೆ, ಭಾನುವಾರ ತೆರೆಯೋದೇ ಇಲ್ಲ. ಅಲ್ಲಿ ಕೊಳ್ಳಲು 20 ವರ್ಷ ಆಗಿರಬೇಕು, ರೆಸ್ಟೋರೆಂಟ್‌ನಲ್ಲಿ ಕುಡಿಯಲು 18.

ಕೊಡಗು_ಕಿತ್ತಳೆ
ಮಳೆಯವರೇ, ನಿಮ್ಮ ಸ್ವೀಡಿಷ್ ಸ್ನೇಹಿತರು ಯಾರಾದರೂ ಮನೆಗೆ ಕರೆದರೆ ಖಂಡಿತ ಕರೆದುಕೊಂಡು ಹೋಗಿ. ಆದರೆ ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿ. ಇಲ್ಲಿ "ಬೇಡ" ಅಂದರೆ ಬೇಡ ಅಂತಲೇ ಅರ್ಥ. ನಮ್ಮಲ್ಲಿ ಮೊದಲ ಸಲ ಬೇಡ ಅಂದು, ಎರಡನೇ ಸಲ ಸಾಕು ಅಂದು, ಮೂರನೇ ಸಲ ತಟ್ಟೆ ಒಡ್ಡೋದು. ಇಲ್ಲಿ ಎರಡನೇ ಸಲ ಯಾರೂ ಕೇಳಲ್ಲ. ನಮ್ಮ ಚಿಕ್ಕಮ್ಮ ಹೀಗೇ ಬೇಡ ಅಂದು ಕೇಕ್ ಇಲ್ಲದೆ ಮನೆಗೆ ಬಂದು, ದಾರಿಯುದ್ದಕ್ಕೂ "ಒಂದು ಮಾತು ಒತ್ತಾಯ ಮಾಡಲಿಲ್ಲ ನೋಡು" ಅಂತ.

ಆರು ಗಂಟೆ ಅಂದರೆ ಆರಕ್ಕೇ ಹೋಗಿ. ಬಾಗಿಲಲ್ಲಿ ಚಪ್ಪಲಿ ಬಿಡೋದು ನಮ್ಮ ಹಾಗೇ. ಕೈಯಲ್ಲಿ ಹೂವೋ ಚಾಕೊಲೇಟೋ. ಉಂಡಾದ ಮೇಲೆ "ತಾಕ್ ಫೋರ್ ಮಾತೆನ್" ಅಂತ ಊಟಕ್ಕೆ ಧನ್ಯವಾದ ಹೇಳಬೇಕು. ಅಪ್ಪ ಇದನ್ನ ಕಲಿತು ಹೇಳಿದರೆ ಮನೆಯವರು ಕರಗಿಹೋಗುತ್ತಾರೆ.

ಬೆಣ್ಣೆದೋಸೆ_ದಾವಣಗೆರೆ
ಮನೆಗೆ ಕರೆಯೋದಾ? 2022ರ ಮೇ ತಿಂಗಳಲ್ಲಿ ಇಂಟರ್ನೆಟ್ ತುಂಬ ಬೈಸಿಕೊಂಡರಲ್ಲ ಇವರು! ಮಗುವಿನ ಗೆಳೆಯ ಮನೆಗೆ ಆಡಲು ಬಂದರೆ, ಅವನನ್ನ ರೂಮಲ್ಲಿ ಕೂರಿಸಿ ಮನೆಯವರು ಮಾತ್ರ ಊಟ ಮಾಡಿ ಬರ್ತಾರಂತೆ. ನಮ್ಮ ಕಡೆ ಬಾಗಿಲಿಗೆ ಬಂದ ಕೊರಿಯರ್ ಹುಡುಗನಿಗೂ ಮಜ್ಜಿಗೆ ಕೊಡ್ತೇವೆ.

ಕೊಡಗು_ಕಿತ್ತಳೆ
ಆ ಗಲಾಟೆ ನೆನಪಿದೆ ಸರ್. ನನ್ನ ಸಹೋದ್ಯೋಗಿಗಳನ್ನೇ ಕೇಳಿದೆ. ಕೆಲವರು "ಹೌದು, ಚಿಕ್ಕವರಿದ್ದಾಗ ಹಾಗೇ ಇತ್ತು" ಅಂದರು, ಕೆಲವರು "ನಮ್ಮ ಮನೆಯಲ್ಲಿ ಎಂದೂ ಇಲ್ಲ" ಅಂದರು. ಅವರು ಕೊಟ್ಟ ಕಾರಣ ಇದು: ಆ ಮಗುವಿನ ಮನೆಯಲ್ಲಿ ಅಮ್ಮ ಅಪ್ಪ ಅಡುಗೆ ಮಾಡಿ ಕಾಯುತ್ತಿರುತ್ತಾರೆ, ನಾವು ಹೊಟ್ಟೆ ತುಂಬಿಸಿ ಕಳಿಸಿದರೆ ಅವರ ಊಟ ಕೆಡಿಸಿದ ಹಾಗೆ. ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ, ಮಗುವನ್ನ ಕಾಯಿಸೋದು ಅಂದರೆ ಒಂಥರಾ. ಆದರೆ ಜಿಪುಣತನ ಅನ್ನೋದೂ ತಪ್ಪು. ಕರೆದು ಊಟ ಹಾಕುವಾಗ ಇವರು ಚಮಚದಿಂದ ಮೇಣದಬತ್ತಿವರೆಗೆ ಎಲ್ಲ ಅಣಿ ಮಾಡಿ ಕರೆಯುತ್ತಾರೆ. ಕರೆಯದೆ ಹೋದರೆ ಮಾತ್ರ ಕಷ್ಟ.

ಹಾಗಾ_ಗೆಳೆಯ
ಬೇರೆ ತಿಂಗಳಲ್ಲಿ ಬರುವವರೂ ಇದನ್ನ ಓದಬಹುದು ಅಂತ ಒಂದಿಷ್ಟು ಬರೆಯುತ್ತೇನೆ. ಕಾಫಿ ಸರ್ ಕ್ಯಾಲೆಂಡರ್ ಅಂದರಲ್ಲ, ಅದು ನಿಜ.

ಜನವರಿ ಫೆಬ್ರವರಿಯಲ್ಲಿ ಬಂದರೆ ಸೆಮ್ಲಾ. ಏಲಕ್ಕಿ ಹಾಕಿದ ಬನ್ ಟೋಪಿ ಕತ್ತರಿಸಿ, ಒಳಗೆ ಬಾದಾಮಿ ಹೂರಣ, ಮೇಲೆ ಕೆನೆ. ಈಸ್ಟರ್ ಉಪವಾಸದ ಹಿಂದಿನ ಮಂಗಳವಾರಕ್ಕೆ ಅಂತ ಇದ್ದದ್ದು, ಈಗ ಹೊಸ ವರ್ಷ ಕಳೆಯುತ್ತಲೇ ಬೇಕರಿಗೆ ಬರುತ್ತೆ. ಬಿಸಿ ಹಾಲಲ್ಲಿ ಮುಳುಗಿಸಿ ತಿನ್ನುವವರೂ ಇದ್ದಾರೆ. ಅಡಾಲ್ಫ್ ಫ್ರೆಡ್ರಿಕ್ ರಾಜ 1771ರಲ್ಲಿ ಭಾರೀ ಊಟದ ಕೊನೆಗೆ ಹೀಗೇ ತಿಂದು ಆ ದಿನವೇ ತೀರಿಕೊಂಡ. ಈ ಕಥೆ ಹೇಳದೆ ಯಾವ ಸ್ವೀಡಿಷರೂ ನಿಮಗೆ ಸೆಮ್ಲಾ ಕೊಡಲ್ಲ.

ಮಾರ್ಚ್ 25 ವಾಫಲ್ ದಿನ. ಆಗಸ್ಟ್‌ನಲ್ಲಿ ಸಿಹಿನೀರಿನ ಸೀಗಡಿಯಂಥ ಕ್ರೇಫಿಶ್ ಪಾರ್ಟಿ. ಕಾಗದದ ಟೋಪಿ, ಕಾಗದದ ಲಾಟೀನು, ಪ್ರತಿ ಪೆಗ್‌ಗೂ ಒಂದು ಹಾಡು. ಹುಳಿ ಬರಿಸಿದ ಹೆರಿಂಗ್, ಆ ಸೂರ್‌ಸ್ಟ್ರೋಮಿಂಗ್, ಬರೋದೂ ಆಗಸ್ಟ್ ಕೊನೆಗೇ. ಯೂಟ್ಯೂಬ್‌ನಲ್ಲಿ ಡಬ್ಬಿ ತೆರೆದು ಓಡಿಹೋಗುತ್ತಾರಲ್ಲ, ಅದೇ. ಉತ್ತರದವರು ತೆಳು ರೊಟ್ಟಿಯಲ್ಲಿ ಆಲೂಗಡ್ಡೆ ಈರುಳ್ಳಿ ಜೊತೆ ಸುತ್ತಿ ಹೊರಗೆ ಕೂತು ತಿನ್ನುತ್ತಾರೆ. ಡಿಸೆಂಬರ್ 13ಕ್ಕೆ ಕೇಸರಿ ಬನ್ನು. ಆ ತಿಂಗಳು ಪೂರ್ತಿ ಯೂಲ್‌ಬೂರ್ಡ್, ಕ್ರಿಸ್‌ಮಸ್ ಬಫೆ. ಅಲ್ಲಿ ಎಲ್ಲ ಒಂದೇ ತಟ್ಟೆಗೆ ಗುಡ್ಡೆ ಹಾಕಬೇಡಿ. ಮೊದಲು ಹೆರಿಂಗ್, ಆಮೇಲೆ ಬೇರೆ ಮೀನು, ಆಮೇಲೆ ತಣ್ಣನೆ ಮಾಂಸ, ಬಿಸಿ ಅಡುಗೆ, ಕೊನೆಗೆ ಸಿಹಿ. ಪ್ರತಿ ಸಲ ಹೊಸ ತಟ್ಟೆ.

ಗುರುವಾರ ಬಟಾಣಿ ಸೂಪು, ಅದರ ಹಿಂದೆ ಜಾಮ್ ಹಾಕಿದ ದೋಸೆ. ಸೈನ್ಯದಲ್ಲಿ ಈಗಲೂ ಇದೇ. ಸ್ಟಾಕ್‌ಹೋಮ್‌ನ ಹಳೆ ಊರಿನಲ್ಲಿ 1722ರಿಂದ ನಡೆಯುತ್ತಿರುವ ದೆನ್ ಯುಲ್ಡೆನೆ ಫ್ರೇಡೆನ್ ಅಂತ ಹೋಟೆಲಿದೆ. ಚಿತ್ರಕಾರ ಆಂಡೆರ್ಸ್ ಸೋರ್ನ್ ಅದನ್ನ ಕೊಂಡು ಸ್ವೀಡಿಷ್ ಅಕಾಡೆಮಿಗೆ ಕೊಟ್ಟುಬಿಟ್ಟ. ಸಾಹಿತ್ಯದ ನೊಬೆಲ್ ಯಾರಿಗೆ ಅಂತ ತೀರ್ಮಾನ ಮಾಡುವವರು ಗುರುವಾರ ಉಣ್ಣೋದು ಅಲ್ಲೇ. ಬಿಲ್ ಸ್ವಲ್ಪ ಜೋರು. ಹೊರಗೆ ನಿಂತು ನೋಡಿದರೂ ನಡೆಯುತ್ತೆ.

ಉತ್ತರ_ಕನ್ನಡ_ಉತ್ತರ_ಸ್ವೀಡನ್
ಉತ್ತರಕ್ಕೂ ಬನ್ನಿ ಅನ್ನೋಕೆ ಒಂದೇ ಸಾಲು: ಇಲ್ಲಿ ಕಾಫಿಯೊಳಗೆ ಚೀಸ್ ತುಂಡು ಹಾಕಿ ಕೊಡುತ್ತಾರೆ. ಕರಗಲ್ಲ, ಮೆತ್ತಗಾಗುತ್ತೆ, ಚಮಚದಲ್ಲಿ ತಿನ್ನೋದು. ಯೊಕ್‌ಮೊಕ್ ಊರಿನ ಚಳಿಗಾಲದ ಜಾತ್ರೆಗೆ ಫೆಬ್ರವರಿಯಲ್ಲಿ ಬಂದರೆ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಅಡುಗೆ ಅವರ ಕೈಯಿಂದಲೇ ತಿನ್ನಬಹುದು.

ಆಮೇಲೆ ಕಾಡು. ಬ್ಲೂಬೆರಿ, ಲಿಂಗೊನ್, ಅಣಬೆ ಯಾರು ಬೇಕಾದರೂ ಕೀಳಬಹುದು, ಜಾಗ ಯಾರದ್ದೇ ಇರಲಿ. ಮನೆ ಹಿತ್ತಲು, ಹೊಲಕ್ಕೆ ಮಾತ್ರ ಕಾಲಿಡಬಾರದು. ಸಂರಕ್ಷಿತ ಕಾಡುಗಳಲ್ಲಿ ಬೇರೆ ನಿಯಮ ಇರಬಹುದು, ಬೋರ್ಡ್ ಓದಿ. ಗೊತ್ತಿಲ್ಲದ ಅಣಬೆ ಮುಟ್ಟಲೇಬೇಡಿ. ಆದರೆ ಇದೆಲ್ಲ ಜುಲೈ ಕಳೆದ ಮೇಲೆ. ಜೂನ್‌ನಲ್ಲಿ ಹೂವು ಮಾತ್ರ.

ಸೊಪ್ಪುಸಾರು_ಉಪ್ಸಾಲಾ
ಒಂದು ಮರೆತೆ. ಮೊಸರನ್ನ ಇಲ್ಲದೆ ಅಮ್ಮನಿಗೆ ನಿದ್ದೆ ಬರಲ್ಲ ಅಂದರೆ ಫಿಲ್‌ಮ್ಯೋಲ್ಕ್ ತನ್ನಿ, ಹಾಲಿನ ಪಕ್ಕದಲ್ಲೇ ಇರುತ್ತೆ. ಕಡಿಮೆ ಹುಳಿ. ಅನ್ನಕ್ಕೆ ಕಲಸಿ ಸಾಸಿವೆ ಒಗ್ಗರಣೆ ಕೊಟ್ಟರೆ ಆಯಿತು. ಇದರಿಂದಲೇ ಹೆಪ್ಪು ಹಾಕಬಹುದು, ಬೆಚ್ಚಗಿಡುವ ರಗಳೆ ಇಲ್ಲ, ಮನೆಯೊಳಗಿನ 20 ಡಿಗ್ರಿಗೇ ಆಗುತ್ತೆ. ಲೋಂಗ್‌ಫಿಲ್ ಅಂತ ಇನ್ನೊಂದಿದೆ, ಅದು ದಾರದ ಹಾಗೆ ಎಳೆ ಬರುತ್ತೆ. ಅಮ್ಮ ಕೆಟ್ಟಿದೆ ಅಂತ ಚೆಲ್ಲಿಬಿಡುತ್ತಾರೆ.

ಮಲ್ನಾಡ್_ಮಳೆ
ಸರಿ, ಹೀಗೆ ಅಂದುಕೊಂಡಿದ್ದೇನೆ. ವಾರದ ದಿನಗಳಲ್ಲಿ ಹನ್ನೊಂದೂವರೆಗೆ ದಾಗೆನ್ಸ್ ರೆಟ್. ಮೂರಕ್ಕೆ ಏಲಕ್ಕಿ ಬನ್ನು. ಅಪ್ಪನಿಗೆ ಸ್ಲುಸ್ಸೆನ್ ಮೀನು, ಅಮ್ಮನಿಗೆ ಹೆರ್ಮಾನ್ಸ್. ಗುರುವಾರವೇ ಆಲೂಗಡ್ಡೆ, ಸ್ಟ್ರಾಬೆರಿ ತಂದಿಡೋದು. ಹಬ್ಬದ ದಿನ ಸ್ಕಾನ್ಸೆನ್. ಶನಿವಾರ ಭಾನುವಾರ ಮಧ್ಯಾಹ್ನ ಏನು ಮಾಡೋದು? ಆ ಅಗ್ಗದ ಊಟ ಅವತ್ತು ಇರಲ್ಲ ಅಂದಿರಿ.

ಕಿಸ್ತಾ_ಕಾಫಿ
ಇರಲ್ಲ. ಬ್ರಂಚ್ ಇರುತ್ತೆ, ದುಬಾರಿ. ಆ ಎರಡು ದಿನ ದೊಡ್ಡ ಸೂಪರ್‌ಮಾರ್ಕೆಟ್‌ನ ಸಲಾಡ್ ಕೌಂಟರ್‌ಗೆ ಹೋಗಿ, ತೂಕದ ಮೇಲೆ ದುಡ್ಡು. ಹಗುರವಾದ್ದನ್ನ ತುಂಬಿಸಿಕೊಳ್ಳಿ, ಆಲೂಗಡ್ಡೆ ಬೇಡ. ದ್ಯುರ್‌ಗೋರ್ಡೆನ್ ದ್ವೀಪದ ಹುಲ್ಲಿನ ಮೇಲೆ ಕೂತು ತಿನ್ನಿ, ಸ್ಕಾನ್ಸೆನ್ ಇರೋದೂ ಅಲ್ಲೇ. ಹಬ್ಬದ ಮಾರನೇ ದಿನ ಶನಿವಾರ ಕೂಡ ರಜೆ, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತೆ ಅಂತ ಹಿಂದಿನ ರಾತ್ರಿ ನೋಡಿಕೊಳ್ಳಿ.

ಬೆಣ್ಣೆದೋಸೆ_ದಾವಣಗೆರೆ
ಅಥವಾ ಪುಳಿಯೋಗರೆ ಕಟ್ಟಿಕೊಂಡು ಹೋಗಿ. ನಾನು ಮೊದಲೇ ಹೇಳಿದ್ದೆ.

ಮಲ್ನಾಡ್_ಮಳೆ
ಸರ್, ಭಾನುವಾರ ಒಂದು ದಿನ ನಿಮ್ಮ ಮಾತೇ ಕೇಳ್ತೀನಿ. ಅಪ್ಪನಿಗೆ ಹೇಳೋದು ನಿಮ್ಮ ಜವಾಬ್ದಾರಿ.